ರಾಣಿ ಸತ್ತ ಮೇಲೆ

ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ರಾಣಿ ವಿಷ ಕುಡಿದು ಬಿದ್ದಳು. ಭಾನುವಾರದ ಟೀವಿ ಸಿನಿಮಾ ಬಿಟ್ಟು ಪಾಲಹಳ್ಳಿ ಶಾಲೆಯ ಅಂಗಳಕ್ಕೆ ಬಂದಿದ್ದ ಜನ ಲೊಚಗುಟ್ಟಿದರು. ರಾಣಿಯಾಗಿದ್ದ ಮಂಗಳಮ್ಮನಿಗೆ ಅಷ್ಟು ಸಾಲದಾಯಿತು. ಮಹಿಳಾ ಮಂಡಳಿಯ ಈ ನಾಟಕಕ್ಕೆಂದು ಬೇಸಿಗೆಯೆಲ್ಲ ಹಾಡು ಕಲಿತಿದ್ದಳು, ಶ್ರೀರಂಗಪಟ್ಟಣದಿಂದ ಕಿರೀಟ ಬಾಡಿಗೆಗೆ ತರಿಸಿದ್ದಳು. ಆದರೆ ಜನ ಕಾದದ್ದು ರಾಣಿಯ ಗುಟ್ಟೆಲ್ಲ ಬಲ್ಲ ದಾಸಿ ಚೆನ್ನಿಗೆ. ಅವಳು ಪೊರಕೆ ಹಿಡಿದು ಬಂದರೆ ಸಾಕು, ಸಿಳ್ಳೆಯೋ ಸಿಳ್ಳೆ.

ಆ ಚೆನ್ನಿ ಬೇರಾರೂ ಅಲ್ಲ, ಮಂಗಳಮ್ಮನ ವಾರಗಿತ್ತಿ ಪುಟ್ಟಗೌರಮ್ಮ. ಮನೆಯಲ್ಲೂ ಅದೇ ಕತೆ. ಕೋಳಿ ಕೂಗುವ ಮುಂಚೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆಯುವವಳು ಹಿರಿಸೊಸೆ ಮಂಗಳಮ್ಮ. ಅತ್ತೆ ಮಾದಮ್ಮನ ಬಾಯಲ್ಲಿ ಬರುವುದು ಕಿರಿಸೊಸೆಯ ಹೆಸರು. ಈಗಲೂ ಮುಂದಿನ ಸಾಲಿನಲ್ಲಿ ಕೂತು, "ನಮ್ ಗೌರಿ ಕಣ್ರವ್ವಾ, ಎಂಗ್ ನಗಸ್ತಾಳೆ ನೋಡಿ" ಎಂದು ಅಕ್ಕಪಕ್ಕದವರಿಗೆ ಹೇಳಿದ್ದು ಮಂಗಳಮ್ಮನ ಕಿವಿಗೆ ಬಿದ್ದಿತ್ತು.

'ಇರ್ಲಿ, ಸಾಯೋಳು ನಾನು. ಅಲ್ಲಿ ಅವಳಾಟ ನಡ್ಯಾಕಿಲ್ಲ' ಎಂದುಕೊಂಡೇ ಅವಳು ಸತ್ತಿದ್ದಳು.

ಚೆನ್ನಿ ಓಡಿಬಂದು ರಾಣಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಏಳವ್ವಾ, ಇನ್ಮೇಲೆ ನನ್ನ ಬೈಯೋರು ಯಾರವ್ವಾ?"

ಅಷ್ಟೇ. ಅಂಗಳವೆಲ್ಲ ಬಿಕ್ಕಿತು. ಅತ್ತೆಯ ಅಳು ಎಲ್ಲರಿಗಿಂತ ಜೋರು. ಸತ್ತವಳು ತಾನು, ಅಳಿಸಿದವಳು ಅವಳು! ಮಂಗಳಮ್ಮ ಬೇಕೆಂದೇ ಕೈಯೆತ್ತಿ ಮೂಗು ಕೆರೆದುಕೊಂಡಳು.

"ಎಣ ಮೂಗ್ ಕೆರ್ಕತಾದೆ ಕಣ್ಲಾ!" ಎಂದು ಹಿಂದಿನಿಂದ ಯಾರೋ ಕೂಗಿದ. ಜನ ಗೊಳ್ಳೆಂದರು.

ಪುಟ್ಟಗೌರಮ್ಮ ನಗಲಿಲ್ಲ. ಆ ಕೈಯನ್ನು ಹಿಡಿದು ಕೆನ್ನೆಗೊತ್ತಿಕೊಂಡಳು.

"ಸತ್ ಮ್ಯಾಲೂ ಈ ದಾಸೀನ ನಗ್ಸಾಕ್ ನೋಡ್ತೀಯಾ, ನನ್ನವ್ವಾ? ನೀನಿಲ್ದೆ ಎಂಗ್ ನಗ್ಲವ್ವಾ?"

ನಗು ತಟ್ಟನೆ ನಿಂತಿತು. ಆಮೇಲೆ ಎದ್ದ ಅಳುವಿನ ನಡುವೆ ಅತ್ತೆಯ ದನಿ ಕೇಳಿಸಿತು: "ಅಯ್ಯೋ, ನಮ್ ಮಂಗಳಾ!"

ಮಂಗಳಮ್ಮನ ಮುಚ್ಚಿದ ರೆಪ್ಪೆಗಳೊಳಗಿಂದ ನೀರು ಕಿತ್ತುಕೊಂಡು ಬಂತು. ತಡೆದಷ್ಟೂ ನಿಲ್ಲಲೊಲ್ಲದು.

ಪುಟ್ಟಗೌರಮ್ಮ ಗೋಳಾಡುತ್ತಲೇ ಬಗ್ಗಿ, ಜನರಿಗೆ ಕಾಣದಂತೆ ಸೆರಗಿನಿಂದ ಹೆಣದ ಕೆನ್ನೆ ಒರೆಸಿದಳು.

"ಒಸಿ ತಡ್ಕೊ ಅಕ್ಕ," ಎಂದು ಕಿವಿಯಲ್ಲಿ ಉಸುರಿದಳು. "ಈಗ ಪರದೆ ಬೀಳ್ತದೆ."