ತಕ್ಕಡಿಯ ಕಪ್ಪೆ

ಆಗಸ್ಟ್ 4, ಭಾನುವಾರ, ಬೆಳಿಗ್ಗೆ 6 ಗಂಟೆ 20 ನಿಮಿಷ. ಕಪ್ಪೆ ಮತ್ತೆ ಅರ್ಧ ಕಿಲೋ ಕಳೆದುಕೊಂಡಿತ್ತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿ ನೋಡಿದರು. ಹದಿನೈದೂವರೆ. ಐದು ವಾರದ ಹಿಂದೆ ಇದೇ ಕಪ್ಪೆ, ಇದೇ ಯಂತ್ರದ ಮೇಲೆ, ಹದಿನೆಂಟು ಕಿಲೋ ತೂಗಿತ್ತು. ತಕ್ಕಡಿಗೆ ಕಪ್ಪೆ ಹಾಕಿದರೆ ಹಾರಿಹೋಗುತ್ತದೆ ಅನ್ನುತ್ತಾರೆ. ಈ ಕಪ್ಪೆ ಕೂತಲ್ಲಿಂದ ಕದಲುತ್ತಿರಲಿಲ್ಲ. ತೂಕ ಮಾತ್ರ ಹಾರಿಹೋಗುತ್ತಿತ್ತು.

ಅದು ಪ್ಲಾಸ್ಟರ್ ಕಪ್ಪೆ. ತಲೆಗೆ ಟೋಪಿ ಇಟ್ಟು, ಹೊಟ್ಟೆಯ ಮೇಲೆ ಕೈ ಕಟ್ಟಿ, ಸಾಲ ಕೇಳಲು ಬಂದ ನೆಂಟನ ಹಾಗೆ ಗುಲಾಬಿ ಗಿಡದ ಪಕ್ಕ ಕೂತಿತ್ತು. ಎರಕ ಹೊಯ್ದವನು ಅಚ್ಚಿನ ಕೆಲಸ ಮಾಡುವ ಭಾವಮೈದುನ. ತಂದುಕೊಟ್ಟ ದಿನವೇ ಎಚ್ಚರಿಸಿದ್ದ:

"ಭಾವ, ಪ್ಲಾಸ್ಟರ್ ಅಂದ್ರೆ ಮನೆಯೊಳಗಿನ ಕೂಸು. ಹೊರಗಿಟ್ರೆ ಒಂದು ಮಳೆಗಾಲಕ್ಕೆ ಸವೆದು ಸಣಕಲಾಗುತ್ತೆ."

ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವರಿಗೆ ಇಂಥ ಮಾತು ಹೇಳಬಾರದು.

"ಸವೆಯೋದು ಹೇಗೆ ಅಂತ ಗೊತ್ತಿದ್ರೆ ತಡೆಯೋದು ಹೇಗೆ ಅಂತಾನೂ ಗೊತ್ತಿರುತ್ತಪ್ಪ. ಹೊರಗಿಟ್ಟು ಆರು ವಾರ ಆದ್ಮೇಲೆ ಬಾ. ಅರ್ಧ ಕಿಲೋ ಕಡಿಮೆಯಾಗಿದ್ರೂ ಈ ಮೀಸೆ ತೆಗೆಸ್ತೀನಿ."

ನಲವತ್ತು ವರ್ಷದ ಮೀಸೆ ಅದು. ಮದುವೆಯ ಫೋಟೋದಲ್ಲಿ ಮದುಮಗನಿಗಿಂತ ಮುಂಚೆ ಕಾಣುವುದು ಅದೇ.

ಮೇಷ್ಟ್ರು ಶಾಸ್ತ್ರೋಕ್ತವಾಗಿಯೇ ಹೊರಟಿದ್ದರು. ಕಪ್ಪೆಯನ್ನು ಹತ್ತು ದಿನ ನೆರಳಲ್ಲಿ ಒಣಗಿಸಿದರು. ಬೆಚ್ಚಗಿನ ಅಗಸೆ ಎಣ್ಣೆ ಎರಡು ಸಲ ಕುಡಿಸಿದರು. ಮೇಲೆ ವಾರ್ನಿಷ್ ಮೂರು ಕೈ, ಅಡಿಭಾಗಕ್ಕೆ ಇನ್ನೂ ಒಂದು. ನೆಲದ ತೇವ ಹತ್ತಬಾರದೆಂದು ನಾಲ್ಕು ಇಟ್ಟಿಗೆಯ ಪೀಠ. ಆಮೇಲೆ ಪ್ರತಿ ಭಾನುವಾರ ತೂಕ.

ತೂಕದ ಯಂತ್ರ ಹೆಂಡತಿಯದು. ಡಾಕ್ಟರು ಮೂರು ಕಿಲೋ ಇಳಿಸಲು ಹೇಳಿ, ಅಲ್ಲಿಯವರೆಗೆ ಕಾಫಿಗೆ ಸಕ್ಕರೆ ಬಂದ್ ಮಾಡಿದ ಮೇಲೆ ಬಚ್ಚಲುಮನೆಗೆ ಬಂದದ್ದು. ಭಾನುವಾರ ಅವಳೇ ಅದನ್ನು ಅಂಗಳಕ್ಕೆ ತಂದಿಡುತ್ತಿದ್ದಳು. ಮೇಷ್ಟ್ರು ಕಪ್ಪೆಯನ್ನು ಎರಡೂ ಕೈಯಲ್ಲಿ ತಬ್ಬಿ ತಂದು ಕೂರಿಸಿ, ಜೇಬಿನಿಂದ ಕನ್ನಡಕ ತೆಗೆದು, ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕಪ್ಪೆಯನ್ನು ಪೀಠದ ಮೇಲಿಟ್ಟು ವಾಪಸು ಬರುವಷ್ಟರಲ್ಲಿ ಹೆಂಡತಿ ಯಂತ್ರ ಹತ್ತಿ ನಿಂತಿರುತ್ತಿದ್ದಳು. ಅದೇ ಪುಸ್ತಕದ ಎಡಪುಟ ಕಪ್ಪೆಗೆ, ಬಲಪುಟ ಅವಳಿಗೆ. ಎಡಪುಟ ನೋಡಿ ನಿಟ್ಟುಸಿರು, ಬಲಪುಟ ನೋಡಿ ಸಮಾಧಾನ.

"ರೀ, ಇಳಿದ್ರೆ ಇಳೀಲಿ ಬಿಡಿ. ನೋಡೋಕೆ ಹಾಗೇ ಇದೆಯಲ್ಲ" ಎಂದಳು ಹೆಂಡತಿ.

"ಅದೇ ನನಗೆ ಸೋಜಿಗ. ಮೈಯಲ್ಲಿ ಒಂದು ಗುಳ್ಳೆ ಕೂಡ ಕರಗಿಲ್ಲ!"

ಲೆಕ್ಕ ಹಾಕಿದರು. ಒಂದು ಲೀಟರ್ ನೀರಿನಲ್ಲಿ ಕರಗುವ ಪ್ಲಾಸ್ಟರ್ ಸುಮಾರು ಎರಡು ಗ್ರಾಂ. ಅರ್ಧ ಕಿಲೋ ಕರಗಲು ಇನ್ನೂರೈವತ್ತು ಲೀಟರ್ ನೀರು ಬೇಕು. ಈ ವಾರ ಬಿದ್ದದ್ದು ನಾಲ್ಕು ಹನಿ. ಹಾಗಾದರೆ ಮಳೆಯಲ್ಲ, ಮನುಷ್ಯ. ಅನುಮಾನ ಪಕ್ಕದ ಮನೆಯ ನಿವೃತ್ತ ಹಲ್ಲಿನ ಡಾಕ್ಟರ ಮೇಲೆ ಹೋಯಿತು. ಅವರ ಹತ್ತಿರ ಕೊರೆಯುವ ಯಂತ್ರವಿದೆ, ಹಗಲೆಲ್ಲ ಪುರುಸೊತ್ತೂ ಇದೆ.

ಮೇಷ್ಟ್ರು ಪೀಠದ ಸುತ್ತ ಬೂದಿ ಚೆಲ್ಲಿದರು. ಬೆಳಿಗ್ಗೆ ಬೆಕ್ಕಿನ ಹೆಜ್ಜೆ ಸಿಕ್ಕಿತು. ಕಪ್ಪೆಯನ್ನು ಮಗುಚಿ ಭೂತಗನ್ನಡಿ ಹಿಡಿದರು. ಒಂದು ತೂತೂ ಇಲ್ಲ.

ಬೇಲಿಯಾಚೆಯಿಂದ ಹಲ್ಲಿನ ಡಾಕ್ಟರು ಇಣುಕಿದರು. "ಏನ್ ಮೇಷ್ಟ್ರೇ, ಕಪ್ಪೆಗೆ ಹುಳುಕು ಹಲ್ಲಾ?"

"ನಿಮಗೇ ಗೊತ್ತಿರಬೇಕು" ಎಂದರು ಮೇಷ್ಟ್ರು, ಮೀಸೆ ತಿರುವುತ್ತ. ತಿರುವಲು ಇನ್ನು ಆರೇ ದಿನ ಉಳಿದಿತ್ತು.

ಆಗಸ್ಟ್ 11ರ ಬೆಳಿಗ್ಗೆ ಭಾವಮೈದುನನ ಎದುರಿಗೇ ಕೊನೆಯ ತೂಕವಾಯಿತು. ಹದಿನೈದು.

ಭಾವಮೈದುನ ತಲೆ ಕೆರೆದುಕೊಂಡ. "ಮೀಸೆ ಗೀಸೆ ಎಲ್ಲ ಬೇಡ ಬಿಡಿ ಭಾವ, ತಮಾಷೆಗೆ ಅಂದಿದ್ದು."

"ಅಂಕಿ ತಮಾಷೆ ಮಾಡಲ್ಲ" ಎಂದು ಮೇಷ್ಟ್ರು ನೇರ ಕ್ಷೌರದಂಗಡಿಗೆ ನಡೆದರು.

ವಾಪಸು ಬಂದವರನ್ನು ನೋಡಿ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. "ಅಯ್ಯೋ, ನನ್ನಿಂದ..." ಎಂದವಳು ತಡೆದಳು. "ನನ್ನಿಂದ ನೋಡೋಕಾಗ್ತಿಲ್ಲ ರೀ. ಹೋಗ್ಲಿ ಬಿಡಿ. ಕಳ್ಕೊಂಡಿದ್ದೆಲ್ಲ ನಿಧಾನಕ್ಕೆ ಮತ್ತೆ ಬಂದೇ ಬರುತ್ತೆ."

ಆ ದಿನ ಒಂದೇ ಒಂದು ಸಿಹಿಸುದ್ದಿ ಬಲಪುಟದಲ್ಲಿತ್ತು: ಡಾಕ್ಟರು ಹೇಳಿದಷ್ಟೂ ಅವಳು ಇಳಿದಾಗಿತ್ತು. ಮೇಷ್ಟ್ರು ಬೋಳು ತುಟಿಯಲ್ಲೇ ನಕ್ಕು, ತಮ್ಮ ಕೈಯಾರೆ ಅವಳ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿದರು.

ಮಾರನೆಯ ದಿನ, ಭಾವಮೈದುನ ಒಳಗೇನಾಗಿದೆಯೋ ನೋಡಿ ಸರಿಮಾಡುತ್ತೇನೆಂದು ಹೇಳಿಹೋಗಿದ್ದರಿಂದ, ಕಪ್ಪೆಯನ್ನು ಗೋಣಿಯಲ್ಲಿ ಹೊಲಿದು ಪಾರ್ಸೆಲ್ ಆಫೀಸಿಗೆ ಒಯ್ದರು. ಗುಮಾಸ್ತೆ ತೂಗಿ ಚೀಟಿ ಬರೆದಳು.

"ಹದಿನೆಂಟು ಕಿಲೋ."

"ಹದಿನೈದಮ್ಮ. ಇನ್ನೊಂದು ಸಲ ನೋಡಿ."

ಅವಳು ಇನ್ನೊಂದು ಸಲ ನೋಡಿದಳು. ಬೇರೆ ಯಂತ್ರದಲ್ಲೂ ನೋಡಿದಳು. "ಹದಿನೆಂಟೇ ಸಾರ್. ನಮ್ಮ ಯಂತ್ರಕ್ಕೆ ಮೊನ್ನೆ ತಾನೆ ತಪಾಸಣೆ ಮುದ್ರೆ ಬಿದ್ದಿದೆ. ನಿಮ್ಮದಕ್ಕೆ?"

ಮೇಷ್ಟ್ರು ಚೀಟಿಯ ಅಂಕಿಯನ್ನು ಎರಡು ಸಲ ಓದಿದರು. ಮೂವತ್ತೊಂದು ವರ್ಷ, ಪ್ರತಿ ಜೂನ್‌ನಲ್ಲಿ, ಮೊದಲ ಪ್ರಯೋಗದ ದಿನ ತಾವೇ ಹಲಗೆಯ ಮೇಲೆ ಬರೆಯುತ್ತಿದ್ದ ಸಾಲು ಕಣ್ಣೆದುರು ಬಂತು: ತೂಗುವ ಮುನ್ನ ಸೊನ್ನೆ ನೋಡು.

ಕಪ್ಪೆಯನ್ನು ಬಗಲಿಗೇರಿಸಿಕೊಂಡು ಮನೆಗೆ ಬಂದರು. ಜಗಲಿಯ ಮೇಲೆ ಹೆಂಡತಿ ಕಣ್ಣು ಮುಚ್ಚಿ ಸಿಹಿ ಕಾಫಿ ಹೀರುತ್ತಿದ್ದಳು. ಅವಳನ್ನು ದಾಟಿ, ಚಪ್ಪಲಿ ಕೂಡ ಬಿಡದೆ, ಬಚ್ಚಲುಮನೆಗೆ ಹೋಗಿ ಕನ್ನಡಕ ಹಾಕಿಕೊಂಡರು.

ಮೇಲೆ ಯಾರೂ ನಿಂತಿರದ ತೂಕದ ಯಂತ್ರದ ಮುಳ್ಳು ಸೊನ್ನೆಗಿಂತ ಹಿಂದಿತ್ತು: ಸರಿಯಾಗಿ ಮೂರು ಕಿಲೋ.