ಮೊದಲ ರೊಟ್ಟಿಯ ಹೊತ್ತಿನ ಪ್ರಾರ್ಥನೆ

ನಿಂಬರ್ಗಾದ ನಮ್ಮ ಮನೆಯಲ್ಲಿ, ಒಲೆಯ ಪಕ್ಕ, ತೆರೆದ ಬಾಗಿಲಿಗೆ ಎದುರಾಗಿ ನಾನು ನಿಂತಿದ್ದೆ. ನಾಲ್ಕನೇ ತರಗತಿ ಮುಗಿದ ಬೇಸಿಗೆಯ ಮಧ್ಯಾಹ್ನ. ಈಗಲೂ ಸೀದ ಜೋಳದ ರೊಟ್ಟಿಯ ವಾಸನೆ ಬಂದರೆ ಅಲ್ಲೇ ನಿಂತಿರುತ್ತೇನೆ.

ಅಜ್ಜಿ, ನಾವು ಆಯಿ ಎಂದು ಕರೆಯುತ್ತಿದ್ದವಳು, ಹಂಚಿನ ಮೇಲೆ ಮೊದಲ ರೊಟ್ಟಿ ಹಾಕಿ, ಸೆರಗು ಹೊದ್ದು ಕಣ್ಣು ಮುಚ್ಚಿದಳು. ಅಪ್ಪನೊಂದಿಗೆ ಜಗಳವಾಡಿ ಸೊಲ್ಲಾಪುರಕ್ಕೆ ಹೋದ ಕಾಕಾನಿಗಾಗಿ ದಿನವೂ ಅದೇ ಪ್ರಾರ್ಥನೆ.

"ದೇವ್ರೇ ತಂದಿ, ನನ್ನ ಮಗನ್ನ ಮನಿಗಿ ಕರ್ಕೊಂಡು ಬಾ."

ಆಮೆನ್ ಆಗುವ ತನಕ ಯಾರೂ ಕಣ್ಣು ತೆರೆಯಬಾರದು. ಅಕ್ಕ ನನ್ನ ತೋಳು ಚಿವುಟಿದಳು. ತೆರೆದು ನೋಡಿದೆ. ಹೊಸ್ತಿಲಾಚೆ ಕಾಕಾ ನಿಂತಿದ್ದ. ಗಡ್ಡ ಬೆಳೆದಿತ್ತು, ಚಪ್ಪಲಿ ಕೈಯಲ್ಲಿತ್ತು.

"ಆಯೀ, ಕಾಕಾ ಬಂದಾನ!"

"ಕಣ್ಣ್ ಮುಚ್ಚಲೇ! ಪ್ರಾರ್ಥನಾದಾಗ ಚೇಷ್ಟಿ ಮಾಡ್ತಿಯೇನು?"

ಅಜ್ಜಿ ಆಮೆನ್ ಅಂದಳು. ಹೊರಗಿನಿಂದಲೂ ಒಂದು ಆಮೆನ್ ಬಂತು. ಅಜ್ಜಿಯ ಮುಖ ಬಾಗಿಲ ಕಡೆ ತಿರುಗಿತು. ಆದರೆ ಅವಳು ಕಣ್ಣು ತೆರೆಯಲಿಲ್ಲ. ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು, "ದೇವ್ರೇ ತಂದಿ, ನನ್ನ ಮಗನ್ನ" ಎಂದು ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಯವ್ವಾ, ಒಳಗ ಬರ್ಲೇನು?" ಎಂದ ಕಾಕಾ.

ಅವಳ ದನಿ ಇನ್ನೂ ಏರಿತು. ರೊಟ್ಟಿ ಕರಕಲಾಗಿ ಹೊಗೆ ಎದ್ದಿತು. ಕಾಕಾ ಸ್ವಲ್ಪ ಹೊತ್ತು ಕಾದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮರುದಿನವೂ ಅಜ್ಜಿ ಅದನ್ನೇ ಬೇಡಿದಳು.

"ನಿನ್ನಿ ಬಂದಿದ್ನಲ್ಲ ಆಯೀ?"

"ಬಂದಿದ್ರ ನನಗ ಕಾಣ್ತಿರ್ಲಿಲ್ಲೇನು?"

ಅಂದು ಕಾಕಾನನ್ನು ಕಂಡವರು ನಾನು, ಅಕ್ಕ ಇಬ್ಬರೇ. ಅಕ್ಕ ಈಗ ಜೇವರ್ಗಿಯಲ್ಲಿದ್ದಾಳೆ. ಬಾಗಿಲಿಗೆ ಎದುರಾಗಿ ಕೂತು, ಕಣ್ಣು ಬಿಟ್ಟುಕೊಂಡೇ ಪ್ರಾರ್ಥಿಸುತ್ತಾಳೆ.