ತಟ್ಟಿದರೆ ನುಡಿಯುವ ಕಂಬ

ಹಳೆಯ ಮರ ತನ್ನೆದುರು ಆಡಿದ ಮಾತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಸಿ ಹೆರೆದು ಎಣ್ಣೆ ಕುಡಿಸಿ ತಟ್ಟಿದರೆ ನುಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬೆಟ್ಟದ ಮೇಲೆ ಕಲ್ಲು, ಮರದ ಭಾರಿ ಮನೆ ಕಟ್ಟಿಸುತ್ತಿದ್ದ ಪ್ರಸನ್ನ, ಪಡಸಾಲೆಗೆ ಮಗುವಿನ ದನಿಯಿರುವ ಕಂಬವೇ ಬೇಕೆಂದಿದ್ದರು. ಮನೆಯ ವಿನ್ಯಾಸ ಮಾಡಿದ ಹೈಮವತಿಗೆ ಅಂಥದ್ದು ಸಿಕ್ಕಿದ್ದು ತಪ್ಪಲಿನ ಚಿಕ್ಕತಾಯಮ್ಮನ ಗುಡಿಸಲಿನಲ್ಲಿ. ಮರದೊಳಗಿನ ದನಿ ಪರೀಕ್ಷಿಸುವ ಕೊಳವೆಯನ್ನು ಕಂಬಕ್ಕೊತ್ತಿ ಕಿವಿಗಿಟ್ಟಾಗಲೇ ಹೈಮವತಿಗೆ ಮಗುವಿನ ದನಿ ಕೇಳಿಸಿತ್ತು.

"ನನ್ ಮಗೀಂದು ಏನಾರ ಉಳ್ಕಂಡದಾ ಅವ್ವಾ?" ಎಂದು, ಈಚೆಗಷ್ಟೇ ಮಗಳನ್ನು ಮಣ್ಣು ಮಾಡಿದ್ದ ಚಿಕ್ಕತಾಯಮ್ಮ ಕೇಳಿದಳು.

"ಇಲ್ಲಮ್ಮ, ಇದು ಮೂಗ ಮರ."

"ಹಂಗಾರೆ ತಕ್ಕೊಂಡೋಗಿ."

ಗೃಹಪ್ರವೇಶದ ದಿನ ಕಲ್ಲು ಹೊತ್ತವರನ್ನೂ ಊಟಕ್ಕೆ ಕರೆದಿದ್ದರು. ಅವರಲ್ಲಿ ಚಿಕ್ಕತಾಯಮ್ಮನೂ ಇದ್ದಳು. ಪ್ರಸನ್ನ ನೆಂಟರೆದುರು ಹೆಮ್ಮೆಯಿಂದ ಕಂಬ ತಟ್ಟಿದರು.

"ಅವ್ವಾ, ಕಾಗೆ ನನ್ ರೊಟ್ಟಿ ಎತ್ಕಂಡೋಯ್ತು!"

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಚಿಕ್ಕತಾಯಮ್ಮ ಮಾತ್ರ ಗೋಡೆ ಹಿಡಿದುಕೊಂಡಳು. ಹೈಮವತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸುಳ್ಳು ಹೇಳಿದೆನಮ್ಮ," ಎಂದಳು, ಎಲ್ಲರೆದುರಿಗೇ. "ಅವತ್ತೇ ಕೇಳಿಸಿತ್ತು. ಹೇಳಿದ್ದರೆ ನೀವು ಕೊಡ್ತಿರಲಿಲ್ಲ."

ಪ್ರಸನ್ನರ ಮುಖ ಕಪ್ಪಿಟ್ಟಿತು. ಕಿತ್ತುಕೊಡೋಣವೆಂದರೆ ಪಡಸಾಲೆಯ ಸೂರೆಲ್ಲ ಅದರ ಮೇಲೆಯೇ ನಿಂತಿತ್ತು.

ಚಿಕ್ಕತಾಯಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಒಳಗೆ ಬಂದು ಕಂಬಕ್ಕೆ ಕೆನ್ನೆಯೊತ್ತಿ, "ಇನ್ನೊಂದ್ಸಲ ತಟ್ಟವ್ವಾ," ಎಂದಳು.

ಹೈಮವತಿಯ ಕೈ ಮೇಲೇಳಲಿಲ್ಲ. ಕೊನೆಗೆ ಆ ತಾಯಿಯೇ ಅವಳ ಮಣಿಕಟ್ಟು ಹಿಡಿದು, ಆ ಕೈಯಿಂದಲೇ ತಟ್ಟಿಸಿದಳು.